ಒಂಬತ್ತನೆಯ ಮಣಿ

ಹೋದ ವಾರ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಪುಣೆಯ ವಾಕಡದ ಒಂದು ಲ್ಯಾಬಿಗೆ ಹೋಗಿದ್ದೆ. ಮಗಳು ಫೋನಿನಲ್ಲೇ ಬುಕ್ ಮಾಡಿದ್ದಳು, ರಿಕ್ಷಾದವನು ಇಳಿಸಿದ. ಇಳಿದು ನೋಡಿದರೆ ಅದೇ ಕಬ್ಬಿಣದ ಗೇಟು, ಅದೇ ಮೂರು ಮೆಟ್ಟಿಲು. ಒಳಗೆ ಕಾಲಿಟ್ಟಾಗ ಬ್ಲೀಚಿಂಗ್ ಪುಡಿ ಹಾಕಿ ನೆಲ ಒರೆಸಿದ ವಾಸನೆ ಮೂಗಿಗೆ ಬಡಿಯಿತು. ಕುದಿಯುವ ಖಿಚಡಿಯ ವಾಸನೆಯೊಂದು ಕಡಿಮೆ, ಅಷ್ಟೇ. ಸೂಜಿ ಹಿಡಿದ ಹುಡುಗಿಗೆ ನನ್ನ ಮೊಳಕೈಯಲ್ಲಿ ನರ ಸಿಗಲಿಲ್ಲ. ಮುಂಗೈಯಿಂದ ತೆಗೆಯುತ್ತೇನೆ, ಬಳೆ ಸ್ವಲ್ಪ ಹಿಂದೆ ಸರಿಸಿ ಎಂದಳು. ನಾನು ಎರಡೂ ಕೈಯ ಬಳೆಗಳನ್ನು ಪೂರ್ತಿ ಕಳಚಿ, ಒಂದೊಂದಾಗಿ ಎಣಿಸಿ, ಬಟ್ಟಲು ಎಲ್ಲಿದೆ ಎಂದು ಕೇಳಿದೆ. ಆಕೆ ನಕ್ಕಳು. ಬಟ್ಟಲು ಯಾಕೆ ಆಜಿ, ಪರ್ಸಿನಲ್ಲಿ ಹಾಕಿಕೊಳ್ಳಿ ಎಂದಳು.

ಆ ಲ್ಯಾಬ್ ಇರುವ ಜಾಗದಲ್ಲಿ ಮೊದಲು ಒಂದು ಪಾಳಣಾಘರ ಇತ್ತು. ಮರಾಠಿಯಲ್ಲಿ ಹಾಗಂದರೆ ತೊಟ್ಟಿಲಮನೆ. ಹಿಂಜೇವಾಡಿಯ ಕಂಪನಿಗಳಿಗೆ ಹೋಗುವ ತಂದೆ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಒಯ್ಯುವ ಮನೆ. ಕೊರೋನಾ ಮುಗಿದು, ಆಫೀಸುಗಳು ಎಲ್ಲರನ್ನೂ ಮರಳಿ ಕರೆದುಕೊಂಡ ವರ್ಷದ ಮಳೆಗಾಲದಲ್ಲಿ ನಾನು ಅಲ್ಲಿ ಮೇಲ್ವಿಚಾರಕಿಯಾಗಿ ಸೇರಿದೆ. ಅದಕ್ಕೂ ಮೊದಲು ಶಿವಾಜಿನಗರದ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷ ಬಾಲವಾಡಿ ಮಕ್ಕಳಿಗೆ ಕಲಿಸಿ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತರೆ ಯಜಮಾನರ ಮೇಲೆ ಶಿಸ್ತು ನಡೆಸುತ್ತೇನೆಂಬ ಭಯಕ್ಕೋ ಏನೋ, ಅವರೇ ಈ ಕೆಲಸ ಹುಡುಕಿಕೊಟ್ಟರು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಹೊರಗೆ ಬಾಯಿ ಬಿಟ್ಟರೆ ಮರಾಠಿ, ಒಳಗೆ ಸಿಟ್ಟು ಬಂದರೆ ಕನ್ನಡ.

ಪಾಳಣಾಘರದ ಒಡತಿ ಮೇಘನಾ. ಮೊದಲು ಇಂಜಿನಿಯರ್ ಆಗಿದ್ದವಳು, ಚಿಕ್ಕ ವಯಸ್ಸು, ಮಾತು ಕಡಿಮೆ. ನಿಯಮಗಳನ್ನು ನೀವೇ ಬರೆಯಿರಿ ಎಂದಳು. ಅಷ್ಟು ಹೇಳಿದರೆ ಸಾಕಲ್ಲ ನನಗೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಬಾಗಿಲಲ್ಲೇ ಕೈ ತೊಳೆಯಬೇಕು. ಬಂದ ಕೂಡಲೇ ಜ್ವರ ನೋಡಬೇಕು, ಅಂಗೈ, ಅಂಗಾಲು, ಬಾಯಿ ನೋಡಬೇಕು. ಚೀಟಿ ಇಲ್ಲದೆ ಔಷಧವಿಲ್ಲ. ಆಟಿಗೆಗಳಿಗೆ ದಿನಾ ಬ್ಲೀಚಿಂಗ್ ನೀರು. ಖಿಚಡಿಯನ್ನು ಮೊದಲು ದೊಡ್ಡವರು ಉಣ್ಣಬೇಕು, ಅರ್ಧ ಗಂಟೆ ಕಳೆದ ಮೇಲೆ ಮಕ್ಕಳು. ಕೂಸುಗಳನ್ನು ಅಂಗಾತವೇ ಮಲಗಿಸಬೇಕು. ಕೂಸುಗಳ ಮೈಮೇಲೆ ಸರ, ಮಣಿ, ಪಿನ್ನು ಇರಕೂಡದು. ಕೆಲಸದವರ ಕೈಯಲ್ಲಿ ಗಾಜಿನ ಬಳೆ ಇರಕೂಡದು. ನಾನು ಮೇಜಿನ ಹತ್ತಿರ ಕೂಡುವವಳು ಅಂತ ನನ್ನ ಬಳೆಗಳನ್ನು ಮಾತ್ರ ಆ ಸಾಲಿಗೆ ಸೇರಿಸಿರಲಿಲ್ಲ.

ಆ ವರ್ಷ ಮಳೆ ಜೋರಾಗಿ ಬರಲೂ ಇಲ್ಲ, ನಿಲ್ಲಲೂ ಇಲ್ಲ. ಬಟ್ಟೆ ಒಣಗದೆ ಮಕ್ಕಳ ಕಾಲುಚೀಲಗಳನ್ನು ಇಸ್ತ್ರಿ ಮಾಡಿ ಒಣಗಿಸುತ್ತಿದ್ದೆವು. ಊರೆಲ್ಲ ಕೈ, ಕಾಲು, ಬಾಯಿಯ ಹುಣ್ಣಿನ ಜ್ವರ ಎದ್ದಿತ್ತು. ಒಬ್ಬರಿಗೆ ಬಂದರೆ ಹತ್ತು ಮಂದಿಗೆ. ಕೆಲವು ತಂದೆಯರು ಬೆಳಿಗ್ಗೆಯೇ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗೆ ಮಾಡಿ ತರುತ್ತಿದ್ದರು. ಹತ್ತೂವರೆಗೆ ಔಷಧ ಇಳಿಯುತ್ತಿದ್ದಂತೆ ಕೂಸು ಕಾವಲಿಯಾಗುತ್ತಿತ್ತು. ಅಂಥ ಇಬ್ಬರು ತಂದೆಯರನ್ನು ಹಿಂಜೇವಾಡಿಯ ಟ್ರಾಫಿಕ್ಕಿನಿಂದ ವಾಪಸು ಕರೆಸಿದ ಮೇಲೆ ನನಗೆ ಇನ್‌ಸ್ಪೆಕ್ಟರ್ ಎಂಬ ಹೆಸರು ಬಿತ್ತು. ಸುಳ್ಳು ಹೇಳುವುದಿಲ್ಲ, ಆ ಹೆಸರು ಕೇಳಿ ನನಗೆ ಖುಷಿಯಾಯಿತು. ಆಷಾಢ ಮುಗಿಯುವವರೆಗೆ ಊರೆಲ್ಲ ಸುತ್ತಿದ ಜ್ವರ ನಮ್ಮ ತೊಟ್ಟಿಲಮನೆಯಲ್ಲಿ ಹಬ್ಬಲಿಲ್ಲ.

ಬಾಗಿಲ ತಪಾಸಣೆ ಸುಮನ್ ಮೌಶಿಯ ಕೆಲಸ. ಮೌಶಿ ಅಂದರೆ ಚಿಕ್ಕಮ್ಮ; ಮಕ್ಕಳು, ತಂದೆ ತಾಯಂದಿರು, ನಾನು, ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಆರು ವರ್ಷದಿಂದ ಅಲ್ಲಿದ್ದವಳು. ಓದು ನಾಲ್ಕನೇ ಇಯತ್ತೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಸಾಲಾಗಿ ಸ್ಟೀಲಿನ ಬಟ್ಟಲು ಇಟ್ಟು, ಒಂದೊಂದಕ್ಕೂ ಒಂದೊಂದು ಮಗುವಿನ ಹೆಸರು ಅಂಟಿಸಿದ್ದಳು. ಮರಾಠಿ ಮನೆಗಳ ಕೂಸುಗಳೂ ಕೈಗೆ ಕರಿಮಣಿ ಕಟ್ಟಿಕೊಂಡೇ ಬರುತ್ತಿದ್ದವು. ದೃಷ್ಟಿಯ ಭಯ ಯಾವ ಭಾಷೆಯವರಿಗಿಲ್ಲ? ಮೌಶಿ ಅವನ್ನು ಬಿಚ್ಚಿ ಬಟ್ಟಲಲ್ಲಿ ಹಾಕಿ, ಮಣಿ ಎಣಿಸಿ ತಾಯಿಗೆ ಹೇಳಿ, ಸಂಜೆ ಮತ್ತೆ ಎಣಿಸಿ ಕಟ್ಟಿ ಕಳಿಸುತ್ತಿದ್ದಳು. ಯಾರಾದರೂ ಮುಖ ಸಣ್ಣದು ಮಾಡಿದರೆ, ದೃಷ್ಟಿ ಹಾಕುವವರೆಲ್ಲ ಹೊರಗೆ ನಿಂತಿದ್ದಾರೆ, ಒಳಗೆ ನಾನಿದ್ದೇನೆ ಎನ್ನುತ್ತಿದ್ದಳು.

ಗೌರಿ ಎಂಬ ಹನ್ನೊಂದು ತಿಂಗಳ ಕೂಸು ನಮ್ಮಲ್ಲಿಗೆ ಬಂದದ್ದು ಆಷಾಢದ ಕೊನೆಯ ವಾರ. ತಾಯಿ ಶ್ವೇತಾಗೆ ಕಂಪನಿಯಲ್ಲಿ ಕೆಲಸ, ಊರು ಧಾರವಾಡ. ಬಿಟ್ಟು ಹೋಗಲು ಬರುತ್ತಿದ್ದವರು ಆಕೆಯ ಅತ್ತೆ ಸರೋಜಕ್ಕ. ಮೊದಲ ದಿನವೇ ನನ್ನ ಮರಾಠಿಯ ರಾಗ ಕೇಳಿ, ನೀವು ನಮ್ಮ ಕಡೆಯವರೇನ್ರಿ ಎಂದರು. ಯಾವ ಓಣಿ, ಯಾರ ಪೈಕಿ, ಯಾರ ಮನೆಯ ಹಿತ್ತಲು ಯಾರ ಮನೆಗೆ ಹತ್ತಿತ್ತು ಎಲ್ಲ ಆಯಿತು. ಅಷ್ಟು ದಿನದ ಮೇಲೆ ಕೆಲಸದ ಜಾಗದಲ್ಲಿ ನಿಂತು ಕನ್ನಡ ಆಡಿದ್ದಕ್ಕೆ ನನಗೆ ಹೊಟ್ಟೆ ತುಂಬಿದ ಹಾಗಾಗಿತ್ತು. ಗೌರಿಯ ಎಡಗೈಯಲ್ಲಿ ಕರಿಮಣಿಯ ದಾರ, ನಡುವೆ ಬಜೆ ಬೇರಿನ ಒಂದು ತುಂಡು. ಮೌಶಿ ಬಿಚ್ಚಲು ಕೈ ಚಾಚಿದಾಗ ಸರೋಜಕ್ಕ ಕೂಸನ್ನು ಹಿಂದಕ್ಕೆಳೆದುಕೊಂಡು ನನ್ನ ಕಡೆ ತಿರುಗಿದರು.

“ಎರಡು ವಾರ ದವಾಖಾನ್ಯಾಗ ಮಲಗಿತ್ರಿ ಬಾಯಾರ, ಕೂಸು. ಈ ದಾರ ಕಟ್ಟಿದ ಮ್ಯಾಲೆ ಮೈ ಹಿಡದದ. ಕೈ ಬರಿದು ಮಾಡಬ್ಯಾಡ್ರಿ. ಇವರಿಗೆ ಹೇಳಿದ್ರ ತಿಳಿಯೂದಿಲ್ಲ. ನೀವು ನಮ್ಮವರು, ನಿಮಗ ತಿಳೀತದ.”

ಇವರಿಗೆ ತಿಳಿಯುವುದಿಲ್ಲವಂತೆ. ದಿನಕ್ಕೆ ಎಂಟು ಕೂಸುಗಳ ಮಣಿ ಬಿಚ್ಚುವ ಮೌಶಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಆಗ ಅದು ಹೊಳೆಯಲಿಲ್ಲ ನನಗೆ. ನಾನು ದಾರವನ್ನು ಎರಡು ಸಲ ಜಗ್ಗಿ ನೋಡಿದೆ, ಗಟ್ಟಿಯಾಗಿತ್ತು. ಇರಲಿ ಬಿಡು, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮೌಶಿಗೆ ಹೇಳಿ, ಕೂಸಿನ ಉದ್ದ ತೋಳಿನ ಅಂಗಿಯನ್ನು ಮುಂಗೈವರೆಗೆ ಎಳೆದು ಮಣಿ ಮುಚ್ಚಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಣಿ ಬಟ್ಟಲಿಗೆ ಹೋಗಲಿಲ್ಲವಾದ್ದರಿಂದ ಅವನ್ನು ಯಾರೂ ಎಣಿಸಲಿಲ್ಲ.

ದಿನಕ್ಕೆ ಏಳೆಂಟು ಸಲ ಕೂಸುಗಳ ಕೈ ತೊಳೆಸಬೇಕೆಂದು ಬರೆದವಳೂ ನಾನೇ. ಮಳೆಗಾಲದ ಗಾಳಿ, ಸಾಬೂನು, ಜೊಲ್ಲು ಎಲ್ಲ ಸೇರಿ ಆ ಹತ್ತಿಯ ದಾರ ಒಮ್ಮೆಯೂ ಒಣಗಿರಲಿಕ್ಕಿಲ್ಲ. ಒಂದು ವಾರದಲ್ಲಿ ಅದು ಒಳಗೊಳಗೇ ಕೊಳೆತಿತ್ತು. ಗುರುವಾರ ಮಧ್ಯಾಹ್ನ ಮಕ್ಕಳು ಒಂದೊಂದಾಗಿ ಏಳುತ್ತಿದ್ದ ಹೊತ್ತು. ನಾನು ಮೇಜಿನಲ್ಲಿ ಬರೆಯುತ್ತಿದ್ದೆ. ಮೌಶಿ ಗೋಡೆಯ ಹತ್ತಿರ ಬೇರೆ ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ಗೌರಿ ಚಾಪೆಯ ಮೇಲೆ ಕೂತು ಏನೋ ಬಡಬಡಿಸುತ್ತಿತ್ತು, ಆಮೇಲೆ ಸುಮ್ಮನಾಯಿತು. ಸುಮ್ಮನಾಯಿತಲ್ಲ ಅಂತ ನಾನು ನೆಮ್ಮದಿಯಿಂದ ಇನ್ನೊಂದು ಸಾಲು ಬರೆದೆ.

ಮೌಶಿ ತಿರುಗಿ ನೋಡಿದಳು. ಕೈಯಲ್ಲಿದ್ದ ಕೂಸನ್ನು ಕೆಳಗಿಟ್ಟು ಓಡಿ ಬಂದು ಗೌರಿಯನ್ನು ಎತ್ತಿಕೊಂಡಳು. ಆಗ ಕಂಡಿತು ನನಗೆ, ಕೂಸಿನ ಬಾಯಿ ತೆರೆದಿತ್ತು, ದನಿ ಇರಲಿಲ್ಲ, ತುಟಿ ನೀಲಿಗೆ ತಿರುಗುತ್ತಿತ್ತು. ಮೌಶಿ ಅದನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ ಅಂಗೈಯ ಬುಡದಿಂದ ಐದು ಸಲ ಬಡಿದಳು. ತಿರುಗಿಸಿ ಎದೆಯ ಮೇಲೆ ಎರಡು ಬೆರಳಿಟ್ಟು ಒತ್ತಿದಳು. ಮತ್ತೆ ಬೋರಲು. ಮೂರನೆಯ ಏಟಿಗೆ ಒಂದು ಕರಿಮಣಿ ಹೊರಗೆ ಬಿದ್ದು ನೆಲದ ಮೇಲೆ ಉರುಳಿತು, ಕೂಸು ಅತ್ತಿತು. ಈ ವಿದ್ಯೆ ಕಲಿಸಲು ನರ್ಸ್ ಒಬ್ಬರನ್ನು ಕರೆಸಿದವಳು ನಾನು. ಮೊದಲ ಸಾಲಿನಲ್ಲಿ ಕೂತು ಸರ್ಟಿಫಿಕೇಟು ಪಡೆದವಳು ನಾನು. ಮೌಶಿ ಅಂದು ಹಿಂದೆ ಕೂತು ರಬ್ಬರಿನ ಗೊಂಬೆಯನ್ನು ನೋಡಿ ನಗುತ್ತಿದ್ದಳು. ಈಗ ನಾನು ಪೆನ್ನು ಹಿಡಿದುಕೊಂಡು ನಿಂತೇ ಇದ್ದೆ.

ಚಾಪೆ ಮಡಚಿ, ತೊಟ್ಟಿಲು ಸರಿಸಿ ಹುಡುಕಿದೆವು. ಬಜೆಯ ತುಂಡು ಸಿಕ್ಕಿತು. ಮಣಿ, ಬಾಯಿಂದ ಬಂದದ್ದೂ ಸೇರಿ, ಎಂಟು. ಒಟ್ಟು ಎಷ್ಟಿದ್ದವು ಎಂದು ಮೌಶಿ ಕೇಳಿದಳು. ಬಟ್ಟಲಲ್ಲಿ ಬಿದ್ದ ಮಣಿಯಾಗಿದ್ದರೆ ಅವಳಿಗೇ ಗೊತ್ತಿರುತ್ತಿತ್ತು. ನಾನು ಸರೋಜಕ್ಕನಿಗೆ ಫೋನ್ ಮಾಡಿ, ದಾರದಲ್ಲಿ ಎಷ್ಟು ಮಣಿ ಪೋಣಿಸಿದ್ರಿ ಎಂದೆ. ಒಂಬತ್ತು, ಯಾಕ್ರೀ ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎರಡೂ ಬದಿಗೆ ಕಿವಿಗೊಟ್ಟು ಕೇಳಿದರು, ಎಕ್ಸ್‌ರೇ ತೆಗೆಸಿದರು. ಉಸಿರು ಸರಿಯಾಗಿದೆ, ಉಳಿದದ್ದು ಹೊಟ್ಟೆಗೆ ಹೋಗಿದೆ, ತಾನೇ ಹೊರಗೆ ಬರುತ್ತದೆ, ಕಾದು ನೋಡಿ ಎಂದರು. ಶ್ವೇತಾ ಆಫೀಸಿನಿಂದ ಕೊರಳಿನ ಐಡಿ ಕಾರ್ಡು ತೆಗೆಯದೆ ಓಡಿ ಬಂದಿದ್ದಳು. ಆಕೆ ಯಾರನ್ನೂ ಬೈಯಲಿಲ್ಲ. ಬಾಗಿಲಲ್ಲಿ ಮಣಿ ಬಿಚ್ಚುತ್ತೀರಿ ಅಂತ ನಂಬಿದ್ದೆ ಎಂದಷ್ಟೇ ಹೇಳಿದಳು. ಬೈದಿದ್ದರೆ ನನಗೆ ಚಲೋ ಆಗುತ್ತಿತ್ತು.

ಅಂದು ಸಂಜೆ ಘಟನೆಯ ವಹಿಯಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದೆ. ಮಣಿ ಬಾಯಿಗೆ ಹೋದದ್ದು, ಮೌಶಿ ತೆಗೆದದ್ದು, ಆಸ್ಪತ್ರೆಗೆ ಒಯ್ದದ್ದು ಎಲ್ಲ ಬರೆದೆ. ದಾರ ಕೈಯಲ್ಲಿ ಹೇಗೆ ಉಳಿಯಿತು ಎಂಬಲ್ಲಿಗೆ ಬಂದಾಗ, ಬೆಳಗಿನ ತಪಾಸಣೆಯಲ್ಲಿ ಕಣ್ತಪ್ಪಿಹೋಯಿತು ಎಂದು ಬರೆದೆ. ಮೌಶಿ ರುಜು ಹಾಕುವ ಮೊದಲು ಏನು ಬರೆದಿದ್ದೀರಿ ಎಂದು ಕೇಳಿದಳು. ಆದದ್ದನ್ನೇ ಬರೆದಿದ್ದೇನೆ ಎಂದೆ. ಆಕೆ ಮೋಡಿಯಿಲ್ಲದ ದಪ್ಪ ಅಕ್ಷರದಲ್ಲಿ, ಒಂದೊಂದನ್ನೇ ಒತ್ತಿ, ತನ್ನ ಹೆಸರು ಬರೆದಳು. ಆ ಹೊತ್ತಿನ ನನ್ನ ಮುಖವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಬೆಳಗಿನ ತಪಾಸಣೆ ಮಾಡುವವಳು ಮೌಶಿ ಎಂದು ಎಲ್ಲರಿಗೂ ಗೊತ್ತು. ಶುಕ್ರವಾರ ಮೇಘನಾ ವಹಿ ಓದಿ ಮೌಶಿಯನ್ನು ಕರೆದಳು. ಕೂಸನ್ನು ಉಳಿಸಿದ್ದು ನಿಜ, ಆದರೆ ಅಪಾಯ ತಂದದ್ದೂ ಬಾಗಿಲ ತಪ್ಪೇ, ಶನಿವಾರ ತಂದೆ ತಾಯಂದಿರ ಸಭೆಯಿದೆ, ಅವರು ನಿಮ್ಮನ್ನು ಇಟ್ಟುಕೊಳ್ಳಬೇಡಿ ಎಂದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಫೋನಿನ ಗುಂಪಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಇಂಥ ಮಾತು ಒಮ್ಮೆ ಹಬ್ಬಿದರೆ ವಾಕಡದಲ್ಲಿ ಯಾವ ಪಾಳಣಾಘರವೂ ಮೌಶಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ಆದರೂ ಆಕೆ ತಲೆ ತಗ್ಗಿಸಿ ಹೂಂ ಎಂದು ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಒಂಬತ್ತನೆಯ ಮಣಿ ಅಂದು ಸಂಜೆ ಸಿಕ್ಕಿತು. ಎಲ್ಲಿ ಸಿಕ್ಕಿತೆಂದು ಮಕ್ಕಳನ್ನು ಬೆಳೆಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುದ್ದಿ ಹೇಳಲು ಸರೋಜಕ್ಕ ಫೋನ್ ಮಾಡಿ ಅತ್ತರು, ನಾನೂ ಅತ್ತೆ. ಆಮೇಲೆ ಅವರು ದನಿ ಇಳಿಸಿದರು.

“ಈಗ ಆ ಮಾತು ಯಾಕ ಕೆದಕೂದ್ರಿ? ನೀವೂ ಹೇಳಬ್ಯಾಡ್ರಿ, ನಾನೂ ಹೇಳೂದಿಲ್ಲ. ಸೊಸಿಗೆ ಗೊತ್ತಾದ್ರ ಆ ಮನ್ಯಾಗ ನನ್ನ ಮಾತಿಗೆ ಕಿಮ್ಮತ್ತು ಉಳಿಯೂದಿಲ್ಲ.”

ಮೌಶಿಯ ಕೆಲಸ ಹೋಗತದ್ರಿ ಎಂದೆ.

“ಆಕಿಗೆ ಇಂಥಾ ಕೆಲಸ ಇನ್ನೊಂದು ಕಡೆ ಸಿಗತದ. ನಾವು ನಾವು ಒಬ್ಬರಿಗೊಬ್ಬರು ಆಗಲಿಲ್ಲಂದ್ರ ಹ್ಯಾಂಗ್ರೀ?”

ಎಂಟು ದಿನದ ಹಿಂದೆ ಹೊಟ್ಟೆ ತುಂಬಿಸಿದ ಅದೇ ಧಾರವಾಡದ ಮಾತು. ಅದೇ ಮೃದು ದನಿ. ಫೋನಿಟ್ಟ ಮೇಲೆ ನನಗೆ ಅವರ ಮೇಲೆ ಸಿಟ್ಟು ಬಂತು. ಆದರೆ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಗುರುವಾರವೇ ಬರೆದು ರುಜು ಹಾಕಿಸಿ ಮುಗಿಸಿದ್ದೆನಲ್ಲ? ಯಜಮಾನರಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಚಿಟ್ಟು, ನಿನ್ನ ಶಾಲೆಯ ಹುಡುಗರು ಇಂಥದ್ದು ಮಾಡಿದ್ದರೆ ಏನು ಮಾಡುತ್ತಿದ್ದೆ ಎಂದರು.

ಶನಿವಾರ ಸಭೆಗೆ ಒಂದು ಗಂಟೆ ಮೊದಲೇ ಹೋದೆ. ಮಕ್ಕಳಿರಲಿಲ್ಲ. ಮೌಶಿ ಹಿಂದಿನ ಬಚ್ಚಲ ಹತ್ತಿರ ಕೂತು ಆಟಿಗೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಳು. ನಾಳೆಯಿಂದ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದವಳು, ಪ್ಲಾಸ್ಟಿಕ್ ಆನೆಯ ಕಿವಿಯ ಸಂದಿಯನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ನಾನು ವಹಿ ತೆಗೆದು, ಆ ಪುಟವನ್ನು ಮರಾಠಿಯಲ್ಲಿ ಓದಿ ಹೇಳಿದೆ. ಇದು ಸುಳ್ಳು, ದಾರ ಇರಲಿ ಎಂದದ್ದು ನಾನು, ತಪ್ಪು ನನ್ನದು, ಈಗ ಸಭೆಯಲ್ಲಿ ಹೇಳುತ್ತೇನೆ ಎಂದೆ. ಆಕೆ ಬ್ರಷ್ಷು ಕೆಳಗಿಡಲಿಲ್ಲ.

ತನಗೆ ಗೊತ್ತಿತ್ತು ಎಂದಳು. ವಹಿಯಲ್ಲಿ ಹಾಗೇ ಬರೆದಿರುತ್ತೀರಿ ಎಂದೂ ಗೊತ್ತಿತ್ತಂತೆ. ರುಜು ಕೇಳುವಾಗ ನಾನು ಆಕೆಯ ಮುಖ ನೋಡಿರಲಿಲ್ಲವಂತೆ. ಹಾಗಾದರೆ ಮೇಘನಾ ಎದುರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದಕ್ಕೆ ಆಕೆ ಆನೆಯನ್ನು ಕವುಚಿ ಒಣಗಲು ಇಟ್ಟು, ಮೊದಲ ಸಲ ನನ್ನ ಕಡೆ ತಿರುಗಿದಳು. ಆ ದಾರ ದಿನದಿನಕ್ಕೆ ಬಣ್ಣ ಬಿಡುತ್ತಿದ್ದದ್ದನ್ನು ಬುಧವಾರವೇ ನೋಡಿದ್ದಳಂತೆ. ಇನ್ನೊಂದು ದಿನ ತಡೆಯಲಿಕ್ಕಿಲ್ಲ ಅನ್ನಿಸಿತ್ತಂತೆ. ಆದರೆ ನಿಯಮ ಬರೆದವರು ನೀವು, ಬಿಟ್ಟವರೂ ನೀವು, ನಿಮ್ಮ ಭಾಷೆಯಲ್ಲಿ ನೀವು ಮಾತಾಡಿಕೊಂಡದ್ದರಲ್ಲಿ ನಾನು ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಿದ್ದಳಂತೆ.

“ಮೀ ಪಣ ಬಘಿತಲಂ, ಬೋಲಲೇ ನಾಹೀ,” ಎಂದಳು. ನಾನೂ ನೋಡಿದೆ, ಹೇಳಲಿಲ್ಲ. “ತೇ ಪಣ ಲಿಹಾ.” ಅದನ್ನೂ ಬರೆಯಿರಿ.

ಅದು ನಿನ್ನ ತಪ್ಪಲ್ಲ ಎಂದೆ. ಆಕೆ ಒಪ್ಪಲಿಲ್ಲ. ಬರೆಯಿರಿ ಎಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕದಲ್ಲೇ ನಿಂತಳು. ಹಳೆಯ ಸಾಲು ಹೊಡೆದುಹಾಕಿ, ಕೆಳಗೆ ಮರಾಠಿಯಲ್ಲಿ ಎಲ್ಲವನ್ನೂ ಬರೆದೆ, ಆಕೆ ಓದುವಂತೆ. ಆಕೆ ಬೆರಳಿಟ್ಟು ಓದಿ, ಮತ್ತೆ ರುಜು ಹಾಕಿದಳು. ಸಭೆಯಲ್ಲಿ ಆ ಪುಟವನ್ನೇ ಓದಿದೆ. ಸರೋಜಕ್ಕ ತಲೆ ಎತ್ತಲಿಲ್ಲ. ಶ್ವೇತಾ ಎದ್ದು ಬಂದು ಮೌಶಿಯ ಎರಡೂ ಕೈ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ. ಇಬ್ಬರು ತಂದೆಯರು ತಮ್ಮ ಮಕ್ಕಳ ಹೆಸರು ತೆಗೆಸಿದರು, ಅದರಲ್ಲಿ ಒಬ್ಬರು ಸಿರಪ್ ಕುಡಿಸಿ ತರುತ್ತಿದ್ದವರು. ಎಲ್ಲರೂ ಹೋದ ಮೇಲೆ ಮೇಘನಾ ನನ್ನನ್ನು ಕೂಡಿಸಿಕೊಂಡು, ನೀವು ಇರಿ, ಆದರೆ ಇನ್ನು ಬಾಗಿಲು ಮೌಶಿಯದು, ಬಾಗಿಲಲ್ಲಿ ಆಕೆ ಬೇಡ ಅಂದರೆ ಬೇಡ, ಅದು ನಿಮಗೂ ನನಗೂ ಎಂದಳು. ನನಗೆ ಅವಮಾನವಾಯಿತು, ಹಗುರವೂ ಆಯಿತು.

ಸೋಮವಾರ ಶ್ರಾವಣದ ಮೊದಲ ಸೋಮವಾರ. ಹಿಂದಿನ ದಿನ ಓಣಿಯ ಹೆಂಗಸರೆಲ್ಲ ಸೇರಿ ಹಸಿರು ಗಾಜಿನ ಬಳೆ ಇಡಿಸಿಕೊಂಡಿದ್ದೆವು. ಮಳೆ ಹನಿಯುತ್ತಿತ್ತು. ಛತ್ರಿ ಮಡಚಿ, ಚಪ್ಪಲಿ ಬಿಟ್ಟು, ಕೈ ತೊಳೆದು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಮೌಶಿ ಒಂದು ಹೊಸ ಸ್ಟೀಲಿನ ಬಟ್ಟಲು ಹಿಡಿದು ನಿಂತಿದ್ದಳು. ಅದರ ಮೇಲೆ ಹೆಸರು ಅಂಟಿಸಿರಲಿಲ್ಲ.

“ಮ್ಯಾಡಮ್, ಬಾಂಗಡ್ಯಾ,” ಎಂದು ನನ್ನ ಬಳೆಗಳನ್ನು ತೋರಿಸಿದಳು.

ಆರು ವರ್ಷದಲ್ಲಿ ತನಗಿಂತ ಮೇಲಿನವರನ್ನು ಆಕೆ ತಡೆದದ್ದು ಅದೇ ಮೊದಲಿರಬೇಕು. ನನ್ನ ಹಿಂದೆ ಇಬ್ಬರು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಶ್ರಾವಣ, ಸೋಮವಾರ, ಮುತ್ತೈದೆ. ಕೈ ಬರಿದು ಮಾಡಬ್ಯಾಡ್ರಿ ಎಂಬ ಸರೋಜಕ್ಕನ ಮಾತು ನನ್ನ ಗಂಟಲಿನವರೆಗೆ ಬಂತು, ಅವರಷ್ಟೇ ಮೃದುವಾಗಿ.

ಬಳೆ ಬಿಗಿಯಾಗಿದ್ದವು. ಸಾಬೂನು ಹಚ್ಚಿ ಒಂದೊಂದಾಗಿ ತೆಗೆದೆ. ಮೌಶಿ ಬಟ್ಟಲಲ್ಲಿ ಅವನ್ನು ಬೆರಳಿನಿಂದ ಸರಿಸಿ ಸರಿಸಿ ಎಣಿಸಿದಳು.

“ಬಾರಾ,” ಎಂದು ನನ್ನ ಮುಖ ನೋಡಿದಳು.

ಹೌದು, ಹನ್ನೆರಡು ಎಂದೆ. ಆಮೇಲೆ ಆಕೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.